ಪಾಯಿಂಟ್ ಟೂಟೂ ರೈಫಲ್‌ನ ನಳಿಗೆ: ಶುಚಿಗೊಳಿಸುವುದು ಯಾವಾಗ, ಸುಮ್ಮನೆ ಬಿಡುವುದು ಯಾವಾಗ

ಎನ್‌ಸಿಸಿ ಕೆಡೆಟ್‌ಗಳಿಂದ ಹಿಡಿದು ಕೊಡಗಿನ ತೆಂಗಿನಕಾಯಿ ಸ್ಪರ್ಧೆಗಳ ಗುರಿಕಾರರವರೆಗೆ ಎಲ್ಲರೂ ಪಾಯಿಂಟ್ ಟೂಟೂ ಎಂದೇ ಕರೆಯುವ .22 ರೈಫಲ್‌ನ ನಳಿಗೆಯನ್ನು ಎಷ್ಟು ಈಡಿಗೊಮ್ಮೆ ಶುಚಿಗೊಳಿಸಬೇಕೆಂಬ ಪ್ರಶ್ನೆಗೆ ತೀರ ವಿರುದ್ಧವಾದ ಎರಡು ಉತ್ತರಗಳು ಬಹುಕಾಲದಿಂದ ಚಾಲ್ತಿಯಲ್ಲಿವೆ. ಗುಂಡು ಹಾರಿಸಿದ ಪ್ರತಿ ದಿನವೂ ನಳಿಗೆ ಕನ್ನಡಿಯಂತೆ ಹೊಳೆಯುವವರೆಗೆ ಒರೆಸಬೇಕೆಂದು ಒಂದು ಪಕ್ಷ ಹೇಳಿದರೆ, ಗುರಿ ಕೆಡುವ ತನಕ ನಳಿಗೆಯನ್ನು ಮುಟ್ಟಲೇಬಾರದೆಂದು ಇನ್ನೊಂದು ಪಕ್ಷ ಅಷ್ಟೇ ಖಚಿತವಾಗಿ ಹೇಳುತ್ತದೆ. ಎರಡರಲ್ಲೂ ಹುರುಳಿದೆ. ಮೊದಲನೆಯವರ ಗಮನವಿರುವುದು ತೋಟಾ ಕೂರುವ ಗೂಡಿನ ಮುಂಭಾಗದ ಮೇಲೆ, ಎರಡನೆಯವರದು ಅಲ್ಲಿಂದ ಮೂತಿಯವರೆಗಿನ ಉಳಿದ ಉದ್ದದ ಮೇಲೆ. ನಳಿಗೆ ಒಂದೇ ಆದರೂ ಅದರ ಬೇರೆ ಬೇರೆ ಭಾಗಗಳಲ್ಲಿ ಕಶ್ಮಲ ಸೇರುವ ವೇಗವೂ ಬಗೆಯೂ ಬೇರೆಯಾಗಿರುವುದರಿಂದ, ಇಡೀ ನಳಿಗೆಗೆ ಅನ್ವಯಿಸುವ ಒಂದೇ ಸಂಖ್ಯೆಯನ್ನು ಹುಡುಕುವುದು ಆರಂಭದಲ್ಲೇ ದಾರಿ ತಪ್ಪಿದಂತೆ.

ಈ ವ್ಯತ್ಯಾಸ ಅರ್ಥವಾಗಬೇಕಾದರೆ ಮೊದಲು ತೋಟಾದ ರಚನೆಯನ್ನು ತಿಳಿಯಬೇಕು. ರಿಮ್‌ಫೈರ್ ಎಂದರೆ ಹಿತ್ತಾಳೆಯ ಕೊಳವೆಯ ಬುಡದ ಅಂಚಿನೊಳಗೇ ಸಿಡಿಮದ್ದನ್ನು ತುಂಬಿರುವ ತೋಟಾ. ಕುದುರೆ ಎಳೆದಾಗ ಬಡಿಮುಳ್ಳು ಆ ಅಂಚನ್ನು ಜಜ್ಜುತ್ತದೆ, ಒಳಗಿನ ಸಿಡಿಮದ್ದು ಹೊತ್ತಿ ಮುಖ್ಯ ಮದ್ದಿಗೆ ಕಿಡಿ ಕೊಡುತ್ತದೆ. ಅಮೆರಿಕದಲ್ಲಿ 1857ರಲ್ಲಿ ಬಂದ .22 ಶಾರ್ಟ್ ಈ ವಂಶದ ಹಿರಿಯ ತೋಟಾಗಳಲ್ಲೊಂದಾದರೆ, ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ 1887ರಲ್ಲಿ ಬಂದದ್ದು. ಇದರ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ತುಂಡು. ದೊಡ್ಡ ರೈಫಲ್‌ಗಳ ಗುಂಡಿಗೆ ಇರುವಂಥ ತಾಮ್ರದ ದಪ್ಪ ಕವಚ ಇದಕ್ಕಿಲ್ಲ. ಕೆಲವು ವೇಗದ ತೋಟಾಗಳಲ್ಲಿ ತಾಮ್ರದ ತೆಳುವಾದ ಲೇಪ ಇರುತ್ತದೆ, ಅಷ್ಟೆ. ಕವಚದ ಬದಲು ಗುಂಡಿನ ಹೊರಮೈಗೆ ಮೇಣ ಅಥವಾ ಕೊಬ್ಬು ಬೆರೆತ ಜಿಡ್ಡನ್ನು ಲೇಪಿಸಿರುತ್ತಾರೆ. ತೋಟಾವನ್ನು ಬೆರಳಲ್ಲಿ ಹಿಡಿದಾಗ ಅಂಟುವ ಈ ಜಿಡ್ಡೇ ನಳಿಗೆಯ ಶುಚಿತ್ವದ ಕತೆಯಲ್ಲಿ ಮುಖ್ಯ ಪಾತ್ರಧಾರಿ.

ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ, ಅವುಗಳ ನಡುವೆ ಉಬ್ಬಿ ನಿಂತ ಏಣುಗಳಿರುತ್ತವೆ. ಇವೆರಡೂ ಸೇರಿ ಗುಂಡನ್ನು ತಿರುಗಿಸುತ್ತವೆ. ಈ ಜಾತಿಯ ರೈಫಲ್‌ಗಳಲ್ಲಿ ತೋಡು ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು ಬರುವುದರಿಂದ, ಸೆಕೆಂಡಿಗೆ ಸುಮಾರು 320 ಮೀಟರ್ ವೇಗದಲ್ಲಿ ಮೂತಿಯಿಂದ ಹೊರಬೀಳುವ ಗುಂಡು ಸೆಕೆಂಡಿಗೆ 800ರಷ್ಟು ಸುತ್ತು ತಿರುಗುತ್ತಿರುತ್ತದೆ. ಪ್ರತಿ ಗುಂಡೂ ಹೋಗುವಾಗ ತನ್ನ ಜಿಡ್ಡಿನ ಒಂದಂಶವನ್ನು, ಸುಟ್ಟ ಮದ್ದಿನ ಮಸಿಯನ್ನು, ಸವರಿದಂತೆ ಒಂದಿಷ್ಟು ಸೀಸವನ್ನು ಒಳಮೈಗೆ ಬಳಿಯುತ್ತದೆ; ಜೊತೆಗೆ ಹಿಂದಿನ ಗುಂಡು ಬಿಟ್ಟದ್ದರಲ್ಲಿ ಒಂದು ಪಾಲನ್ನು ಗುಡಿಸಿಕೊಂಡೂ ಹೋಗುತ್ತದೆ. ಕೆಲವು ಈಡುಗಳ ನಂತರ ಬಿಡುವುದೂ ಒಯ್ಯುವುದೂ ಸರಿಸಮವಾಗಿ, ಒಳಮೈಯಲ್ಲಿ ತೆಳುವಾದ, ಎಲ್ಲೆಡೆ ಒಂದೇ ಸಮನಾದ ಜಿಡ್ಡಿನ ಪದರ ನೆಲೆಗೊಳ್ಳುತ್ತದೆ. ಹೊಸ ಕಾವಲಿಯಲ್ಲಿ ಮೊದಲ ಒಂದೆರಡು ದೋಸೆ ಕಿತ್ತುಹೋಗಿ ಆಮೇಲೆ ಕಾವಲಿ ಪಳಗುವಂತೆ ನಳಿಗೆಯೂ ಪಳಗುತ್ತದೆ ಎಂದರೆ ಅಡುಗೆಮನೆ ಬಲ್ಲವರಿಗೆ ತಟ್ಟನೆ ತಿಳಿಯುತ್ತದೆ. ಪೂರ್ತಿ ತೊಳೆದ ನಳಿಗೆಯಿಂದ ಹಾರಿಸಿದ ಮೊದಲ ಐದಾರು, ಕೆಲವು ನಳಿಗೆಗಳಲ್ಲಿ ಹತ್ತಿಪ್ಪತ್ತು ಗುಂಡುಗಳು ಎಂದಿನ ಜಾಗದಲ್ಲಿ ಬೀಳದೆ ಅಲೆಯುವುದಕ್ಕೆ ಇದೇ ಕಾರಣ. ಬೇರೆ ಕಂಪನಿಯ ತೋಟಾಕ್ಕೆ ಬದಲಾಯಿಸಿದಾಗ ಜಿಡ್ಡಿನ ಜಾತಿ ಬದಲಾಗಿ ಇದೇ ಅಲೆದಾಟ ಮತ್ತೆ ಕಾಣಿಸುವುದಕ್ಕೂ ಇದೇ ಕಾರಣ. ಹೀಗಾಗಿ ನಳಿಗೆಯ ಬಹುಭಾಗದ ಮಟ್ಟಿಗೆ ಮುಟ್ಟದವರ ಮಾತೇ ಸರಿ: ಪಳಗಿದ ಪದರವನ್ನು ಪ್ರತಿದಿನ ಕಿತ್ತುಹಾಕುವುದೆಂದರೆ ಪ್ರತಿದಿನ ಹೊಸ ಕಾವಲಿಯಲ್ಲಿ ದೋಸೆ ಹುಯ್ದಂತೆ.

ಆದರೆ ತೋಟಾದ ಬಾಯಿಂದ ಆಚೆಗಿನ ಒಂದು ಅಂಗುಲದಷ್ಟು ಜಾಗಕ್ಕೆ ಈ ಸಮತೋಲ ಅನ್ವಯಿಸುವುದಿಲ್ಲ. ಬೆಂಕಿಯ ಮೊದಲ ಹೊಡೆತ ಬೀಳುವುದು ಅಲ್ಲಿಗೆ. ಅಲ್ಲಿ ಗುಂಡಿನ ವೇಗ ಇನ್ನೂ ಕಡಿಮೆ, ಶಾಖ ಮಾತ್ರ ಅತಿ ಹೆಚ್ಚು. ಅನೇಕ ರಿಮ್‌ಫೈರ್ ತೋಟಾಗಳ ಸಿಡಿಮದ್ದಿನಲ್ಲಿ ತಿಕ್ಕಾಟದಿಂದ ಕಿಡಿ ಹುಟ್ಟಲೆಂದು ಗಾಜಿನ ನುಣ್ಣನೆಯ ಪುಡಿಯನ್ನೂ ಸೇರಿಸಿರುತ್ತಾರೆ. ಸುಟ್ಟ ಜಿಡ್ಡು, ಮಸಿ, ಸೀಸ, ಗಾಜಿನ ಕಣ ಇವೆಲ್ಲ ಶಾಖದಲ್ಲಿ ಬೆಂದು ಬೆಸೆದು, ತೋಟಾದ ಬಾಯಿಯ ಸ್ವಲ್ಪ ಮುಂದೆ ಬಳೆಯ ಆಕಾರದಲ್ಲಿ ಗಟ್ಟಿಯಾಗುತ್ತವೆ. ಗುರಿಕಾರರು ಇದನ್ನು ಕಾರ್ಬನ್ ರಿಂಗ್, ಅಂದರೆ ಇಂಗಾಲದ ಬಳೆ ಎನ್ನುತ್ತಾರೆ. ಮುಂದೆ ಹೋಗುವ ಗುಂಡು ಇದನ್ನು ಗುಡಿಸಲಾರದು. ಬದಲಿಗೆ ಮೆತ್ತಗಿನ ಸೀಸದ ಗುಂಡು ಬಳೆಯೊಳಗೆ ನುಸುಳುವಾಗ ತಾನೇ ನಲುಗಿ, ಒಂದೊಂದು ಸಲ ಒಂದೊಂದು ಬಗೆಯಲ್ಲಿ ಸುರುಳಿ ತೋಡನ್ನು ಹಿಡಿಯುತ್ತದೆ. ಗುಂಪಿನಿಂದ ಸಿಡಿದು ದೂರ ಬಿದ್ದ, ಗುರಿಕಾರನ ಕೈಯ ತಪ್ಪಲ್ಲದ ಒಂಟಿ ಗುಂಡಿಗೆ ಕಾರಣ ಹುಡುಕುವವರು ಮೊದಲು ಶಂಕಿಸಬೇಕಾದ ಜಾಗ ಇದು. ಲಾಂಗ್ ರೈಫಲ್ ತೋಟಾಕ್ಕೆಂದು ಮಾಡಿದ ಗೂಡಿನಲ್ಲಿ ಗಿಡ್ಡ ಕೊಳವೆಯ .22 ಶಾರ್ಟ್ ಅನ್ನು ಹೆಚ್ಚಾಗಿ ಬಳಸಿದರೆ ಈ ಬಳೆ ಇನ್ನೂ ಹಿಂದೆ, ಗೂಡಿನೊಳಗೇ ಬೆಳೆದು, ಆಮೇಲೆ ಉದ್ದನೆಯ ತೋಟಾ ಪೂರ್ತಿ ಒಳಹೋಗದೆ ಸಿಕ್ಕಿಕೊಳ್ಳುತ್ತದೆ. ಬಳೆ ಬೆಳೆದದ್ದನ್ನು ಅಳತೆಯ ಉಪಕರಣವಿಲ್ಲದೆಯೂ ಗುರುತಿಸಬಹುದು: ತೋಟಾವನ್ನು ಗೂಡಿಗೆ ನೂಕುವಾಗ ಕೊನೆಯ ಒಂದೆರಡು ಮಿಲಿಮೀಟರ್ ಎಂದಿಗಿಂತ ಬಿಗಿಯಾಗುತ್ತದೆ, ಹಾರಿಸದೆ ಹೊರತೆಗೆದ ತೋಟಾದ ಗುಂಡಿನ ಮೇಲೆ ಸುತ್ತಲೂ ಒತ್ತಿದ ಗೆರೆ ಮೂಡಿರುತ್ತದೆ.

ದಿನವೂ ತಪ್ಪದೆ ಶುಚಿಗೊಳಿಸಬೇಕೆಂಬ ಕಟ್ಟುನಿಟ್ಟಿನ ಹಿಂದೆ ಇನ್ನೊಂದು ಚಾರಿತ್ರಿಕ ಕಾರಣವಿದೆ, ಅದನ್ನು ಹೇಳದೆ ಈ ವಾದಕ್ಕೆ ನ್ಯಾಯ ಸಲ್ಲದು. ಹಿಂದಿನ ಸಿಡಿಮದ್ದುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟ ಮೇಲೆ ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್ ಅಡುಗೆ ಉಪ್ಪಿನ ಹತ್ತಿರದ ಬಂಧು, ಗಾಳಿಯ ತೇವವನ್ನು ಹೀರಿಕೊಂಡು ಒಂದೇ ರಾತ್ರಿಯಲ್ಲಿ ಉಕ್ಕಿಗೆ ತುಕ್ಕು ಹಿಡಿಸಬಲ್ಲದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದಲೇ ಹಳೆಯ ಸೈನಿಕರು ನಳಿಗೆಗೆ ಕುದಿಯುವ ನೀರು ಹುಯ್ದು, ಒರೆಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. 1920ರ ದಶಕದಲ್ಲಿ ತುಕ್ಕು ಹಿಡಿಸದ ಸಿಡಿಮದ್ದುಗಳು ಮಾರುಕಟ್ಟೆಗೆ ಬಂದು ಕ್ರಮೇಣ ರಿಮ್‌ಫೈರ್ ತೋಟಾಗಳಲ್ಲೆಲ್ಲ ನೆಲೆಯೂರಿದವು. ಕಾರಣ ಹೋದರೂ ಕಟ್ಟಳೆ ಉಳಿಯಿತು. ತರಬೇತಿ ಶಿಬಿರಗಳಲ್ಲಿ ಗುಂಡು ಹಾರಿಸಿದ ದಿನವೇ ಪುಲ್‌ಥ್ರೂ ದಾರಕ್ಕೆ ಚಿಂದಿ ಕಟ್ಟಿ ನಳಿಗೆ ಎಳೆಯುವ ಶಿಸ್ತು ಇಂದಿಗೂ ಅರ್ಥಹೀನವಲ್ಲ, ಏಕೆಂದರೆ ಹತ್ತಾರು ಕೈಗಳು ಬಳಸುವ, ಯಾರ ತೋಟಾ ಯಾವುದೆಂದು ತಿಳಿಯದ, ವಾರಗಟ್ಟಲೆ ಉಗ್ರಾಣದಲ್ಲಿ ನಿಲ್ಲುವ ಕೋವಿಗೆ ಅತಿಯಾದ ಶುಚಿ ಕಡಿಮೆ ಶುಚಿಗಿಂತ ಮೇಲು. ಒಬ್ಬನೇ ಬಳಸಿ, ಒಂದೇ ಬಗೆಯ ತೋಟಾ ಹಾರಿಸುವ ಸ್ಪರ್ಧೆಯ ರೈಫಲ್‌ಗೆ ಅದೇ ನಿಯಮವನ್ನು ಯೋಚಿಸದೆ ಅನ್ವಯಿಸಿದಾಗ ಮಾತ್ರ ತೊಂದರೆ.

ಆ ತೊಂದರೆ ಎಂಥದೆಂದರೆ, .22 ನಳಿಗೆಯನ್ನು ಗುಂಡು ಸವೆಸುವುದಕ್ಕಿಂತ ಶುಚಿ ಮಾಡುವ ಕೈಯೇ ಹೆಚ್ಚು ಸವೆಸುತ್ತದೆ. ಮೆತ್ತಗಿನ ಸೀಸ, ದೊಡ್ಡ ರೈಫಲ್‌ಗಳದಕ್ಕಿಂತ ಬಹಳ ಕಡಿಮೆಯಾದ ಒತ್ತಡ, ಒಂದು ಚಿಟಿಕೆಗೂ ಕಡಿಮೆ ಮದ್ದು, ಇವುಗಳಿಂದಾಗಿ ಒಳ್ಳೆಯ ರಿಮ್‌ಫೈರ್ ನಳಿಗೆ ಹತ್ತಾರು ಸಾವಿರ ಈಡುಗಳನ್ನು ತಾಳುತ್ತದೆ. ಅದೇ ನಳಿಗೆಗೆ ಶುಚಿಸಲಾಕೆಯನ್ನು, ಹಳಬರ ಮಾತಿನಲ್ಲಿ ಗಜವನ್ನು, ಮೂತಿಯ ಕಡೆಯಿಂದ ತೂರಿಸಿ ಪ್ರತಿ ಸಲ ಅಂಚಿಗೆ ಉಜ್ಜಿದರೆ, ನಳಿಗೆಯ ಬಾಯಂಚು ಒಂದು ಬದಿಗೆ ಸವೆದು ಹೋಗುತ್ತದೆ. ಗುಂಡು ನಳಿಗೆಯನ್ನು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಅಂಚು ಓರೆಯಾದರೆ ಹಿಂದಿನಿಂದ ನುಗ್ಗುವ ಅನಿಲ ಗುಂಡಿನ ಬುಡದ ಒಂದು ಬದಿಯಿಂದ ಮೊದಲು ಹೊರಚಿಮ್ಮಿ ಗುಂಡನ್ನು ಓಲಾಡಿಸುತ್ತದೆ. 50 ಮೀಟರ್ ದೂರದ ಅಂತರರಾಷ್ಟ್ರೀಯ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಭಾರತಕ್ಕೆ ಕಂಚು ತಂದದ್ದು ಇದೇ .22 ರೈಫಲ್‌ನಿಂದ, ಇದೇ ದೂರದಲ್ಲಿ. ಅಷ್ಟು ಕಿರಿದಾದ ವೃತ್ತದ ಮುಂದೆ ಬಾಯಂಚಿನ ಕೂದಲೆಳೆಯ ಸವೆತವೂ ಲೆಕ್ಕಕ್ಕೆ ಬರುತ್ತದೆ.

ಇವೆಲ್ಲವನ್ನು ಕೂಡಿಸಿ ನೋಡಿದರೆ ಬಳಕೆಗೆ ತಕ್ಕ ಅಂದಾಜುಗಳನ್ನು ಕೊಡಲು ಸಾಧ್ಯ. ಸ್ಪರ್ಧೆಯ ರೈಫಲ್ ಆದರೆ ಅಭ್ಯಾಸದ ದಿನ ಮುಗಿದಾಗ ಮೆದುವಾದ ಶುಚಿದ್ರವದಲ್ಲಿ ತೊಯ್ದ ಒಂದೆರಡು ಬಟ್ಟೆ ತುಂಡು, ಅನಂತರ ಒಣಗಿದ ಎರಡು ತುಂಡು ಹಾಯಿಸಿದರೆ ಬೇಕಾದಷ್ಟಾಯಿತು. ತೊಯ್ದ ಬಟ್ಟೆ ಸಡಿಲ ಮಸಿಯನ್ನು ಒಯ್ದು, ಬಳೆ ಗಟ್ಟಿಯಾಗುವ ಮುನ್ನ ಅದನ್ನು ಮೆತ್ತಗಿಡುತ್ತದೆ. ಗೂಡಿನ ಮುಂಭಾಗಕ್ಕೆ ಮಾತ್ರ ಕುಂಚ ಬಳಸುವ ಕೆಲಸ 300ರಿಂದ 500 ಈಡಿಗೊಮ್ಮೆ ಸಾಕು. ತೋಟದ ಬೇಲಿಯಾಚೆ ಡಬ್ಬಿಗೆ ಗುರಿ ಇಡುವಂಥ ಸಾಮಾನ್ಯ ಬೋಲ್ಟ್ ರೈಫಲ್‌ನ ನಳಿಗೆಯನ್ನು 500ರಿಂದ 1000 ಈಡುಗಳವರೆಗೆ ಕುಂಚ ಹಾಕದೆ ಬಿಟ್ಟರೂ ಕೇಡಿಲ್ಲ, ಹವೆ ಒಣಗಿದ್ದರೆ. ತಾನಾಗಿ ತೋಟಾ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್‌ನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ: ಅಲ್ಲಿ ನಳಿಗೆ ಚೆನ್ನಾಗಿದ್ದಾಗಲೇ ಬೋಲ್ಟ್, ಖಾಲಿ ಕೊಳವೆ ಎಳೆಯುವ ಕೊಕ್ಕೆ, ತೋಟಾ ಏರುವ ಇಳಿಜಾರು ಇವುಗಳಲ್ಲಿ ಅರೆಸುಟ್ಟ ಮದ್ದೂ ಮೇಣವೂ ಕೂಡಿ ಕಪ್ಪು ಲೇಹದಂತೆ ಕಟ್ಟಿಕೊಂಡು ತೋಟಾ ಸಿಕ್ಕಿಕೊಳ್ಳತೊಡಗುತ್ತದೆ. ಕೆಲವು ನೂರು ಈಡುಗಳಿಗೊಮ್ಮೆ ಆ ಭಾಗಗಳನ್ನು ಬಿಚ್ಚಿ ಒರೆಸಬೇಕು, ಅದಕ್ಕಾಗಿ ನಳಿಗೆಗೆ ಕೈ ಹಾಕಬೇಕಿಲ್ಲ.

ಇಲ್ಲಿ ಕೊಟ್ಟ ಸಂಖ್ಯೆಗಳು ದಾರಿಗೆ ಹಚ್ಚಲು ಮಾತ್ರ, ಏಕೆಂದರೆ ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ ಎರಡು ನಳಿಗೆಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ತನ್ನ ನಳಿಗೆಯ ಅವಧಿಯನ್ನು ತಾನೇ ಕಂಡುಕೊಳ್ಳುವ ವಿಧಾನ ಸರಳವಾದದ್ದು, ತಾಳ್ಮೆ ಬೇಡುವಂಥದು, ಮತ್ತು ಈ ವಿಷಯದಲ್ಲಿ ಇದಕ್ಕಿಂತ ಬೆಲೆಬಾಳುವ ಸಲಹೆ ಬೇರೆ ಇಲ್ಲ. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ತಯಾರಿಕೆಯ ತಂಡಸಂಖ್ಯೆ ಒಂದೇ ಆಗಿರುವ ತೋಟಾಗಳನ್ನು ಸಾಕಷ್ಟು ತೆಗೆದಿಟ್ಟುಕೊಂಡು, ನಳಿಗೆಯನ್ನು ಒಮ್ಮೆ ಪೂರ್ತಿ ಶುಚಿಗೊಳಿಸಿ, ಗಾಳಿಯಿಲ್ಲದ ಮುಂಜಾನೆ ಮರಳಚೀಲದ ಆಸರೆಯಲ್ಲಿ 50 ಮೀಟರ್ ದೂರಕ್ಕೆ ಐದೈದು ಈಡಿನ ಗುಂಪುಗಳನ್ನು ಹಾರಿಸಬೇಕು. ಪ್ರತಿ ಗುಂಪಿನ ಅತಿ ದೂರದ ಎರಡು ರಂಧ್ರಗಳ ನಡುವಿನ ಅಂತರವನ್ನು ಅಳೆದು, ಅಲ್ಲಿಯವರೆಗಿನ ಒಟ್ಟು ಈಡುಗಳ ಲೆಕ್ಕದೊಂದಿಗೆ ಪುಸ್ತಕದಲ್ಲಿ ಬರೆದಿಡಬೇಕು. ಗುಂಪುಗಳು ಮೊದಲು ಹರಡಿ, ಆಮೇಲೆ ಕೂಡಿ, ಒಂದು ಗಾತ್ರದಲ್ಲಿ ನಿಲ್ಲುವ ಜಾಗ ಸಿಗುತ್ತದೆ: ಅದು ಆ ನಳಿಗೆ ಪಳಗಲು ಬೇಕಾದ ಈಡುಗಳ ಸಂಖ್ಯೆ, ಸ್ಪರ್ಧೆಯ ಮುನ್ನಾದಿನ ನಳಿಗೆ ತೊಳೆದವರು ಸ್ಪರ್ಧೆಗೆ ಮೊದಲು ಹಾರಿಸಲೇಬೇಕಾದ ಸಂಖ್ಯೆ. ಮುಂದಿನ ವಾರಗಳಲ್ಲೂ ಹೀಗೆಯೇ ಬರೆಯುತ್ತ ಹೋದರೆ, ಗುಂಪು ಮತ್ತೆ ಅಗಲವಾಗತೊಡಗುವ ಇನ್ನೊಂದು ಜಾಗವೂ ಒಂದು ದಿನ ಕಾಣಿಸುತ್ತದೆ. ಒಂದು ಗುಂಪು ಕೆಟ್ಟರೆ ಕೈಯೋ ಗಾಳಿಯೋ ಕಾರಣವಿರಬಹುದು; ಮೂರು ನಾಲ್ಕು ಗುಂಪುಗಳು ಒಂದೇ ದಿಕ್ಕಿನಲ್ಲಿ ಕೆಟ್ಟರೆ ಅದು ನಳಿಗೆಯ ಮಾತು. ಆ ಎರಡನೆಯ ಸಂಖ್ಯೆ ಉದಾಹರಣೆಗೆ 600 ಎಂದಾದರೆ, 450ಕ್ಕೇ ಶುಚಿಗೊಳಿಸುವ ರೂಢಿ ಮಾಡಿಕೊಳ್ಳುವುದು ಲೇಸು, ಏಕೆಂದರೆ ಬಳೆ ಪೂರ್ತಿ ಬೆಂದು ಗಟ್ಟಿಯಾದ ಮೇಲೆ ಅದನ್ನು ತೆಗೆಯಲು ಬೇಕಾಗುವ ಉಜ್ಜಾಟ ನಳಿಗೆಗೆ ಹಿತವಲ್ಲ.

ಶುಚಿಗೊಳಿಸುವ ಕ್ರಮದಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಕೋವಿ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳುವುದು, ತೋಟಾಗಳನ್ನು ಆ ಕೋಣೆಯಿಂದಲೇ ಹೊರಗಿಡುವುದು. ಬೋಲ್ಟ್ ಹೊರತೆಗೆದು, ಸಲಾಕೆಯನ್ನು ಹಿಂಬದಿಯಿಂದ, ಅಂದರೆ ಗುಂಡು ಹೋಗುವ ದಿಕ್ಕಿನಲ್ಲೇ ನೂಕಬೇಕು. ಸಲಾಕೆ ಬಾಗಿ ಗೂಡಿನ ಅಂಚಿಗೆ ತಾಗದಂತೆ ತಡೆಯುವ ಬೋರ್ ಗೈಡ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಅಷ್ಟು ಸಣ್ಣ ರಂಧ್ರಕ್ಕೆ ತಕ್ಕ ಸಲಾಕೆ ತೆಳುವಾಗಿ ಬೇಗ ಬಾಗುವುದರಿಂದ .22ಕ್ಕೆ ಇದು ಅಗತ್ಯದ ವಸ್ತುವೇ ಹೊರತು ಅಲಂಕಾರವಲ್ಲ. ಸಲಾಕೆ ಒಂದೇ ತುಂಡಿನದಾಗಿ, ಹೊದಿಕೆಯುಳ್ಳದ್ದಾಗಿ, ಹಿಡಿಯಲ್ಲಿ ಸುತ್ತು ತಿರುಗುವಂಥದಾಗಿ ಇರಬೇಕು. ತಿರುಪಿನಿಂದ ಜೋಡಿಸುವ ಮೂರು ತುಂಡುಗಳ ಸಲಾಕೆಯಲ್ಲಿ ಪ್ರತಿ ಸಂದೂ ಒಂದು ಅರವಿದ್ದಂತೆ. ಬಟ್ಟೆ ತುಂಡು ಮೂತಿಯಿಂದ ಹೊರಬಂದ ಕೂಡಲೆ ಅದನ್ನು ತೆಗೆದು ಸಲಾಕೆಯನ್ನು ಬರಿದಾಗಿ ಹಿಂದಕ್ಕೆಳೆಯಬೇಕು, ಇಲ್ಲವಾದರೆ ಹೊರತಂದ ಕೊಳೆಯನ್ನೇ ಗಾಜಿನ ಕಣಗಳ ಸಮೇತ ಮತ್ತೆ ಒಳಕ್ಕೆ ಒಯ್ದಂತಾಗುತ್ತದೆ. ಬೋಲ್ಟ್ ತೆಗೆದರೂ ಹಿಂಬದಿಯಿಂದ ದಾರಿಯಿಲ್ಲದ ರೈಫಲ್‌ಗಳಿಗೆ ಮೆತ್ತಗಿನ ಪುಲ್‌ಥ್ರೂ ದಾರವೇ ಸರಿಯಾದ ಸಾಧನ. ದಾರ ಬಾಯಂಚಿಗೆ ಉಜ್ಜದಂತೆ ನೇರವಾಗಿ ಎಳೆದರಾಯಿತು.

ಬಳೆಯನ್ನು ತೆಗೆಯುವಾಗ ಬಲಕ್ಕಿಂತ ಸಮಯ ಹೆಚ್ಚು ಕೆಲಸ ಮಾಡುತ್ತದೆ. ಇಂಗಾಲ ಕರಗಿಸುವ ದ್ರವದಲ್ಲಿ ತೊಯ್ದ ಬಟ್ಟೆಯನ್ನು ಗೂಡಿನ ಮುಂಭಾಗದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಅನಂತರ ಕಂಚಿನ ಎಳೆಗಳ ಕುಂಚವನ್ನು ಆ ಒಂದೆರಡು ಅಂಗುಲದಲ್ಲಿ ಮಾತ್ರ ಕೆಲವು ಸಲ ಆಡಿಸಿ, ಒಣಬಟ್ಟೆಯಿಂದ ಒರೆಸಿ, ಮತ್ತೆ ತೋಟಾ ಸಲೀಸಾಗಿ ಕೂರುವುದೇ ಎಂದು ಗುರಿಮೈದಾನದಲ್ಲಿ ನೋಡಬೇಕು. ಉಕ್ಕಿನ ಎಳೆಗಳ ಕುಂಚ ಯಾವ ಕಾರಣಕ್ಕೂ ಬೇಡ. ತಾಮ್ರವನ್ನು ಕರಗಿಸಲೆಂದೇ ತಯಾರಾದ, ಅಮೋನಿಯಾ ವಾಸನೆಯ ತೀಕ್ಷ್ಣ ದ್ರವಗಳಿಂದ ಬರಿಸೀಸದ ಗುಂಡು ಹಾರಿಸುವ ನಳಿಗೆಗೆ ಯಾವ ಉಪಯೋಗವೂ ಇಲ್ಲ. ಒರೆಸಿದ ಬಟ್ಟೆ ಬೂದುಬಣ್ಣದಲ್ಲಿ ಬರುತ್ತಿದ್ದರೂ ಅಲ್ಲಿಗೆ ನಿಲ್ಲಿಸುವ ಮನಸ್ಸು ಬೇಕು, ಏಕೆಂದರೆ ಹತ್ತನೆಯ ತುಂಡೂ ಬಿಳಿಯಾಗಿ ಬರಲೆಂದು ಹಟ ಹಿಡಿದವರೇ ನಳಿಗೆಯನ್ನು ಹೆಚ್ಚು ಸವೆಸುವವರು.

ಇಲ್ಲಿಯವರೆಗಿನ ಮಾತೆಲ್ಲ ಒಣಹವೆಗೆ ಸಲ್ಲುವಂಥದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈಡಿನ ಲೆಕ್ಕವನ್ನು ಬದಿಗಿಟ್ಟು ತೇವದ ಲೆಕ್ಕ ಹಿಡಿಯಬೇಕು. ಜಿಡ್ಡಿನ ಪದರ ಉಕ್ಕನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ ನಿಜ, ಆದರೆ ಮೂತಿಯ ಅಂಚು, ಗೂಡು, ಬೋಲ್ಟ್‌ನ ಮುಖ ಇವು ಬೇಗ ತುಕ್ಕಿಗೆ ತುತ್ತಾಗುತ್ತವೆ. ಸ್ಟೇನ್‌ಲೆಸ್ ನಳಿಗೆಯೂ ಇದಕ್ಕೆ ಹೊರತಲ್ಲ, ಅದು ತಡವಾಗಿ ತುಕ್ಕು ಹಿಡಿಯುತ್ತದೆ, ಅಷ್ಟೆ. ಮಳೆಯಲ್ಲಿ ನೆನೆದ ಕೋವಿಯನ್ನು ಒಂದೇ ಈಡು ಹಾರಿಸಿದ್ದರೂ, ಹಾರಿಸದಿದ್ದರೂ, ಅಂದೇ ಒರೆಸಿ ತೆಳುವಾಗಿ ಎಣ್ಣೆ ಹಚ್ಚಬೇಕು. ಬಳಸದೆ ನಿಂತ ಕೋವಿಯನ್ನು ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಹೊರತೆಗೆದು ನೋಡಬೇಕು. ಹೊರಗೆ ಒಯ್ಯಲು ಅನುಕೂಲವಾದ ಬಟ್ಟೆಯ ಚೀಲ ತೇವವನ್ನು ಹೀರಿ ಹಿಡಿದಿಡುವುದರಿಂದ, ಮನೆಯಲ್ಲಿ ಕೋವಿ ಅದರೊಳಗೆ ಮಲಗಬಾರದು. ಬೀಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ನಿಲ್ಲಬೇಕು. ಮನೆಯಲ್ಲಿ ಸುಲಭವಾಗಿ ಸಿಗುತ್ತದೆಂದು ತೆಂಗಿನೆಣ್ಣೆ ಹಚ್ಚುವುದು ಒಳ್ಳೆಯದಲ್ಲ: 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಕಮಟುಗಟ್ಟಿ ಅಂಟಾಗುತ್ತದೆ. ಸೀಮೆಎಣ್ಣೆ ಜಿಡ್ಡನ್ನು ಬಿಡಿಸುತ್ತದೆ, ಆದರೆ ಆವಿಯಾದ ಮೇಲೆ ಉಕ್ಕನ್ನು ಬರಿಮೈಯಲ್ಲಿ ಬಿಡುತ್ತದೆ. ಕೋವಿಗೆಂದೇ ಮಾಡಿದ ತೆಳು ಖನಿಜ ಎಣ್ಣೆಯ ಎರಡು ಹನಿ ಸಾಕು. ಮುಂದೆ ಹಾರಿಸುವ ಮೊದಲು ಒಂದು ಒಣಬಟ್ಟೆಯನ್ನು ಹಾಯಿಸಿ ಆ ಎಣ್ಣೆಯನ್ನು ತೆಗೆಯುವುದು ಎಂದೂ ತಪ್ಪಬಾರದ ಕೆಲಸ, ಏಕೆಂದರೆ ನಳಿಗೆಯಲ್ಲಿ ಕೂಡಿನಿಂತ ಎಣ್ಣೆ ಗುಂಡಿಗೆ ಅಡ್ಡಿಯಾಗಬಲ್ಲದು, ಮರೆತುಳಿದ ಬಟ್ಟೆಯ ತುಂಡಂತೂ ನಳಿಗೆಯನ್ನೇ ಉಬ್ಬಿಸಬಲ್ಲದು.

ನಾಟಿ ಮುಗಿದು ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡವರು ಆಚರಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ತೋಕ್‌ಪೂ ಎಂದು ಅವರು ಕರೆಯುವ ಗೌರಿಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಅನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಆಯುಧಗಳ ಹಬ್ಬ ಮಳೆಗಾಲದ ಕೊನೆಗೆ ಬರುವುದು ಕೋವಿಯ ಆರೋಗ್ಯದ ದೃಷ್ಟಿಯಿಂದಲೂ ಬಹಳ ಒಪ್ಪುವ ಮಾತು: ವರ್ಷಕ್ಕೆ ಒಂದೇ ಸಲ ನಳಿಗೆಯನ್ನು ಆಮೂಲಾಗ್ರ ಪರೀಕ್ಷಿಸುವವರು ಆರಿಸಿಕೊಳ್ಳಬೇಕಾದ ದಿನ ಇದೇ.

ಸೀಸದ ವಿಚಾರವನ್ನು ಹಗುರವಾಗಿ ಕಾಣುವಂತಿಲ್ಲ. ಒರೆಸಿದ ಬಟ್ಟೆಯಲ್ಲಿ ಬರುವ ಬೂದುಮಸಿಯಲ್ಲಿ ಗುಂಡಿನ ಸೀಸವೂ ಅನೇಕ ಸಿಡಿಮದ್ದುಗಳಲ್ಲಿರುವ ಸೀಸದ ಸಂಯುಕ್ತವೂ ಸೇರಿರುತ್ತವೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಕೇಡು ಮಾಡುತ್ತದೆ. ಊಟದ ಮೇಜಿನ ಮೇಲೆ, ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಬಾರದು. ಕೈಗವಸು ಹಾಕಿಕೊಂಡು, ಮುಗಿದ ಮೇಲೆ ತಣ್ಣೀರು ಮತ್ತು ಸಾಬೂನಿನಿಂದ ಕೈ ತೊಳೆದು, ಬಟ್ಟೆ ತುಂಡುಗಳನ್ನು ಮುಚ್ಚಿದ ಡಬ್ಬದಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಅವನ್ನು ಒಲೆಗೆ ಎಸೆದು ಸುಡುವ ಅಭ್ಯಾಸವಿದ್ದರೆ ಬಿಡಬೇಕು.

ಶುಚಿ ಮಾಡಿ, ಹತ್ತಿಪ್ಪತ್ತು ಈಡು ಹಾರಿಸಿ ಪಳಗಿಸಿದ ಮೇಲೂ ಗುಂಪು ಮೊದಲಿನಂತೆ ಕೂಡದಿದ್ದರೆ, ಮತ್ತೊಮ್ಮೆ ಉಜ್ಜಲು ಹೊರಡುವ ಬದಲು ಬೇರೆಡೆ ಕಣ್ಣು ಹಾಯಿಸಬೇಕು. ನಳಿಗೆಯನ್ನೂ ಮರದ ಹಿಡಿಯನ್ನೂ ಬಿಗಿದ ತಿರುಪುಗಳು, ದೂರದರ್ಶಕದ ಬಿಗಿತ, ತೋಟಾದ ಬದಲಾದ ತಂಡಸಂಖ್ಯೆ ಇವುಗಳಲ್ಲೊಂದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಅವೆಲ್ಲ ಸರಿಯಿದ್ದು, ಭೂತಗನ್ನಡಿಯಲ್ಲಿ ಬಾಯಂಚು ತರಚಿದಂತೆ ಕಂಡರೆ ಅದನ್ನು ಮತ್ತೆ ಸಮಗೊಳಿಸುವ ಕೆಲಸ ಮನೆಯ ಅರದಿಂದ ಆಗುವಂಥದಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಕೋವಿಗಳ ರಿಪೇರಿ ವೃತ್ತಿಗೂ ನಳಿಗೆಯನ್ನು ಗಿಡ್ಡಗೊಳಿಸುವುದಕ್ಕೂ ಪರವಾನಗಿ ಬೇಕಾಗುವುದರಿಂದ, ರೈಫಲನ್ನು ಪರವಾನಗಿ ಪಡೆದ ಕೋವಿ ಕಮ್ಮಾರನ ಬಳಿಗೇ ಒಯ್ಯಬೇಕು. ಜೊತೆಯಲ್ಲಿ ಗುಂಪುಗಳ ಅಳತೆ ಬರೆದಿಟ್ಟ ಪುಸ್ತಕವನ್ನೂ ಒಯ್ದರೆ, ನಳಿಗೆ ಯಾವಾಗಿನಿಂದ ಕೆಟ್ಟಿತೆಂದು ಅವನು ಊಹಿಸುತ್ತ ಕೂರಬೇಕಾಗುವುದಿಲ್ಲ.